ಸಸಿ ನೆಡುವ ಮುಂಚಿನ ಹನ್ನೆರಡು ತಿಂಗಳು

ಕಾಡೋ, ಕೆರೆಯೋ, ಹುಲ್ಲುಗಾವಲೋ, ಅಳಿವೆಯೋ, ಒಂದು ತುಂಡು ನೆಲವನ್ನು ಉಳಿಸಬೇಕೆಂದು ಹತ್ತು ಹದಿನೈದು ಜನ ಸೇರಿದರೆ ಮೊದಲ ಸಭೆಯಲ್ಲೇ ಮೂರು ಸಲಹೆ ಬರುತ್ತವೆ. ಸಸಿ ನೆಡೋಣ, ನೀರಿನ ಹೊಂಡ ತೋಡೋಣ, ಪೊದೆ ಸವರಿ ಸ್ವಚ್ಛ ಮಾಡೋಣ. ಮೂರೂ ಕೈಗೆ ಕೆಲಸ ಕೊಡುತ್ತವೆ, ಫೋಟೊದಲ್ಲೂ ಚೆನ್ನಾಗಿ ಬರುತ್ತವೆ. ತಪ್ಪು ಜಾಗದಲ್ಲಿ ಮಾಡಿದರೆ ಮೂರೂ ಆ ನೆಲವನ್ನು ಕೆಡಿಸುತ್ತವೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ಸಪ್ಪೆ: ಮೊದಲ ಒಂದು ವರ್ಷ ಏನನ್ನೂ ನೆಡಬೇಡಿ, ತೋಡಬೇಡಿ, ಕೀಳಬೇಡಿ. ನೋಡಿ, ಎಣಿಸಿ, ಬರೆದಿಡಿ. ಪ್ರಾಣಿ ಹಿಡಿಯಲು ಇಟ್ಟ ಉರುಳು ಹುಡುಕುವ ಕೆಲಸ ಮಾತ್ರ ಇದಕ್ಕೆ ಹೊರತು, ಅದನ್ನು ಮೊದಲ ವಾರವೇ ಶುರು ಮಾಡಬಹುದು. ಅದರ ವಿಚಾರ ಮುಂದೆ ಇದೆ.

ಒಂದು ವರ್ಷ ಯಾಕೆಂದರೆ, ನೆಲ ತನ್ನನ್ನು ಪೂರ್ತಿ ತೋರಿಸಿಕೊಳ್ಳಲು ಅಷ್ಟು ಸಮಯ ಬೇಕು. ಒಣಗಿದ ತಿಂಗಳಲ್ಲಿ ಬರಡು ಎಂದು ಕಾಣುವ ಬಯಲಿನಲ್ಲಿ ಮೊದಲ ಮಳೆಗೆ ನೆಲದೊಳಗಿನ ಗೆಡ್ಡೆಗಳು ಹೂ ಬಿಡುತ್ತವೆ, ಮೂರು ವಾರದಲ್ಲಿ ಮತ್ತೆ ಮಾಯವಾಗುತ್ತವೆ. ವಲಸೆ ಹಕ್ಕಿ ಬರುವುದು ಒಂದು ಋತುವಿನಲ್ಲಿ, ಕೆರೆಯ ನೀರು ತಳ ಮುಟ್ಟುವುದು ಇನ್ನೊಂದರಲ್ಲಿ. ಬೇಸಿಗೆಯಲ್ಲಿ ಒಮ್ಮೆ ಸುತ್ತಾಡಿ "ಇಲ್ಲಿ ಏನೂ ಇಲ್ಲ, ಮರ ಬೆಳೆಸೋಣ" ಎಂದು ಗೆರೆ ಹಾಕಿದರೆ ಆ ಗೆಡ್ಡೆಗಳ ಮೇಲೆ ಗುಂಡಿ ತೋಡಿದಂತೆಯೇ.

ಮರ ನೆಡುವ ಉಮೇದಿಗೆ ಮೊದಲ ಬಲಿ ಸಾಮಾನ್ಯವಾಗಿ ಹುಲ್ಲುಗಾವಲು. ಸಹಜ ಹುಲ್ಲುಗಾವಲು ಎಂದರೆ ಮರ ಕಡಿದು ಹೋದ ಕಾಡಲ್ಲ. ಬಿಸಿಲೇ ಅದರ ಬಂಡವಾಳ. ಮರದ ನೆರಳು ಬಿದ್ದಲ್ಲಿ ಬಹುವಾರ್ಷಿಕ ಹುಲ್ಲು ಸಾಯುತ್ತದೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಬಿಟ್ಟು ಹೋಗುತ್ತವೆ, ಅವುಗಳ ಮೊಟ್ಟೆ ಕದಿಯುವ ಕಾಗೆ ಜಾತಿಯ ಹಕ್ಕಿಗಳಿಗೆ ಕೂತು ನೋಡಲು ಕೊಂಬೆ ಸಿಗುತ್ತದೆ. ನಿಮ್ಮ ಬಯಲು ಹಳೆಯ ಹುಲ್ಲುಗಾವಲೋ ಹಾಳುಬಿದ್ದ ಕಾಡೋ ಎಂದು ತಿಳಿಯಲು ಕೆಲವು ಸುಳಿವುಗಳಿವೆ. ಬುಡಗಟ್ಟಿ ಬೆಳೆದ ದಪ್ಪ ಹುಲ್ಲಿನ ಕಂತೆಗಳು, ನೆಲದೊಳಗೆ ಗೆಡ್ಡೆ ಇಟ್ಟುಕೊಂಡ ಸಣ್ಣ ಗಿಡಗಳು, ಅಲ್ಲಲ್ಲಿ ಒಂಟಿಯಾಗಿ ನಿಂತ ದಪ್ಪ ತೊಗಟೆಯ ಮರಗಳು ಇದ್ದರೆ ಅದು ಹಳೆಯ ಬಯಲೇ ಇರಬೇಕು. ಜೊತೆಗೆ ಹಳೆಯ ಚಿತ್ರ ನೋಡಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 1972ರಿಂದ ಇವೆ, 2008ರಿಂದ ಉಚಿತವಾಗಿ ಸಿಗುತ್ತವೆ. ಒಂದೇ ತಿಂಗಳಿನ ಚಿತ್ರಗಳನ್ನು ಹತ್ತು ಹತ್ತು ವರ್ಷದ ಅಂತರದಲ್ಲಿ ಪಕ್ಕಪಕ್ಕ ಇಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಬೇರೆ ಬೇರೆ ತಿಂಗಳಿನ ಚಿತ್ರ ಹೋಲಿಸಿದರೆ ಒಣ ಹುಲ್ಲು ಬರಡು ನೆಲದಂತೆ ಕಂಡು ಮೋಸ ಹೋಗುತ್ತೀರಿ.

ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳದ್ದೂ ಇದೇ ಕಥೆ. ನೆಡಲು ಸುಲಭವೆಂದು ಉದ್ದ ಕೋಡಿನ ಜಾತಿಯನ್ನೇ ಆರಿಸುತ್ತಾರೆ. ಯಾರ ಜಮೀನೂ ಅಲ್ಲ, ತಕರಾರಿಲ್ಲ ಎಂದು ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನ ಬಯಲಿನಲ್ಲಿ ಸಾಲಾಗಿ ಚುಚ್ಚುತ್ತಾರೆ. ಆ ಜಾಗ ದಿನದ ಹೆಚ್ಚು ಹೊತ್ತು ನೀರಿನಡಿ ಇರುವುದರಿಂದ ಸಸಿಗಳು ಉಸಿರುಗಟ್ಟಿ ಸಾಯುತ್ತವೆ. ಜೊತೆಗೆ ಆ ಕೆಸರಿನಲ್ಲಿ ಹುಳ ಹೆಕ್ಕುತ್ತಿದ್ದ ಗದ್ದೆಗೊರವಗಳಂಥ ಹಕ್ಕಿಗಳ ಊಟವೂ ಹೋಗುತ್ತದೆ. ಫ್ಲೋರಿಡಾದಲ್ಲಿ ರಾಬಿನ್ ಲೂಯಿಸ್ ಎಂಬ ಪರಿಸರ ವಿಜ್ಞಾನಿ ಇದಕ್ಕೆ ತಿರುಗುಮುರುಗಿನ ದಾರಿ ಹಿಡಿದರು: ಮೊದಲು ನೀರಿನ ಲೆಕ್ಕ, ಆಮೇಲೆ ಗಿಡದ ಮಾತು. ಕಾಂಡ್ಲಾ ನೆಲ ಒಟ್ಟು ಸಮಯದ ಸುಮಾರು ಶೇ 30ರಷ್ಟು ಅಥವಾ ಅದಕ್ಕಿಂತ ಕಡಿಮೆ ಹೊತ್ತು ಮುಳುಗಿರಬೇಕು. ಹತ್ತಿರದ ಆರೋಗ್ಯವಂತ ಕಾಂಡ್ಲಾ ಕಾಡಿನ ನೆಲ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಹಾಳಾದ ಜಾಗವನ್ನು ಅದೇ ಮಟ್ಟಕ್ಕೆ ತಂದು, ಮುಚ್ಚಿಹೋದ ಕಾಲುವೆ ಬಿಡಿಸಿದರೆ ಬೀಜಗಳನ್ನು ಉಬ್ಬರದ ನೀರೇ ತಂದು ಹಾಕುತ್ತದೆ. ನೆಡುವ ಕೆಲಸ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಕಾರಣ ತಿಳಿಯದೆ ಮದ್ದು ಹುಡುಕಬಾರದು ಎನ್ನುವುದಕ್ಕೆ ರಣಹದ್ದುಗಳಿಗಿಂತ ದೊಡ್ಡ ಉದಾಹರಣೆ ಇಲ್ಲ. ದಕ್ಷಿಣ ಏಷ್ಯಾದಲ್ಲಿ 1990ರ ದಶಕದಲ್ಲಿ ಅವು ರಾಶಿ ರಾಶಿ ಸತ್ತಾಗ ಸೋಂಕು ರೋಗದ ಶಂಕೆ ಬಲವಾಗಿತ್ತು. ಆ ಶಂಕೆಯ ಮೇಲೆಯೇ ಕೆಲಸಕ್ಕೆ ಇಳಿದಿದ್ದರೆ ಇದ್ದಬದ್ದ ಹದ್ದುಗಳೂ ಹೋಗುತ್ತಿದ್ದವು. 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಬೇರೆಯದನ್ನು: ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನಗಳು ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿದವು, ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಬದಲಿಗೆ ಬಂತು. ಗೂಡು ಕಟ್ಟುವ ಮರ ಕಾದಿದ್ದರಿಂದ, ನೀರಿಟ್ಟಿದ್ದರಿಂದ ಆಗುವ ಕೆಲಸ ಇದಾಗಿರಲಿಲ್ಲ.

ಇನ್ನು ಎಣಿಕೆ. ಪ್ರಾಣಿ ಎದುರು ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿಬಿಟ್ಟರೆ ಪ್ರಾಣಿಗಳು ತಾವಾಗಿ ಲೆಕ್ಕ ಕೊಡುತ್ತವೆ ಎಂಬ ನಂಬಿಕೆ ಮೊದಲ ತಿಂಗಳಲ್ಲೇ ಕರಗುತ್ತದೆ. ಕಾರ್ಡ್ ತೆಗೆದು ನೋಡಿದರೆ ನಾಲ್ಕು ಸಾವಿರ ಫೋಟೊ, ಬಹುಪಾಲು ಒಂದೇ ಹುಲ್ಲಿನ ಎಸಳಿನದು. ಒಳಗಿನ ಸಂವೇದಕ ನೋಡುವುದು ಪ್ರಾಣಿಯನ್ನಲ್ಲ, ಹಿನ್ನೆಲೆಗಿಂತ ಬೇರೆ ಬಿಸಿಯ ವಸ್ತು ಚಲಿಸಿದ್ದನ್ನು. ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೂ ಅದಕ್ಕೆ ಜಿಂಕೆಯೇ. ಆದ್ದರಿಂದ ಕ್ಯಾಮೆರಾದಿಂದ ಜಾಡಿನವರೆಗೆ, ಜಾಡಿನಾಚೆ ಇನ್ನೆರಡು ಮೀಟರ್ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಿರಿ. ನೆಲ ಕೆರೆಯಬೇಡಿ, ಹೊಸ ಮಣ್ಣು ಕಂಡರೆ ಕೆಲವು ಪ್ರಾಣಿಗಳು ದಾರಿ ಬದಲಿಸುತ್ತವೆ. ಮುಖವನ್ನು ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಮಾಡಬೇಡಿ. ಭೂಮಿಯ ಉತ್ತರಾರ್ಧದಲ್ಲಿ ಉತ್ತರಕ್ಕೆ, ದಕ್ಷಿಣಾರ್ಧದಲ್ಲಿ ದಕ್ಷಿಣಕ್ಕೆ ತಿರುಗಿಸಿದರೆ ನೇರ ಬಿಸಿಲು ತಪ್ಪುತ್ತದೆ. ಇದೇ ಸಂವೇದಕದ ಇನ್ನೊಂದು ದೋಷ ತಿಳಿದಿರಲಿ: ಉರಿ ಬೇಸಿಗೆಯ ಮಧ್ಯಾಹ್ನ ನೆಲವೂ ಪ್ರಾಣಿಯ ಮೈಯೂ ಒಂದೇ ಬಿಸಿಗೆ ಬರುತ್ತವೆ, ಆಗ ಎದುರಿಗೇ ಹಾದುಹೋದದ್ದನ್ನೂ ಅದು ಬಿಡುತ್ತದೆ. ಬೇಸಿಗೆಯ ಹಗಲಿನ ಫೋಟೊ ಕಡಿಮೆಯಾದರೆ ಪ್ರಾಣಿ ಕಡಿಮೆಯಾದವು ಎಂದು ಬರೆಯಲು ಅವಸರ ಬೇಡ.

ಎತ್ತರ ಮಂಡಿಮಟ್ಟ, ಅಂದರೆ 40ರಿಂದ 50 ಸೆಂ.ಮೀ. ಚಿರತೆಯಿಂದ ಕಡವೆಯವರೆಗೆ ಇದು ಸಾಕು. ಮುಂಗುಸಿ, ಮುಳ್ಳುಹಂದಿಗಳಂಥ ಸಣ್ಣವಕ್ಕೆ ಇನ್ನೂ ಕೆಳಗೆ. ಜಾಡಿನ ನಡುವಿನಿಂದ 3ರಿಂದ 4 ಮೀಟರ್ ದೂರ ಇರಲಿ. ಹತ್ತಿರವಾದರೆ ರಾತ್ರಿಯ ಬೆಳಕಿಗೆ ಮೈಯೆಲ್ಲ ಬಿಳಿಚಿ ಗುರುತೇ ಅಳಿಸಿಹೋಗುತ್ತದೆ. ಇಳಿಜಾರಿದ್ದರೆ ಕ್ಯಾಮೆರಾವನ್ನೂ ನೆಲದ ಓರೆಗೆ ಹೊಂದಿಸಬೇಕು. ಕಟ್ಟಿದ ಮೇಲೆ ಗುಂಪಿನವರೊಬ್ಬರು ಜಾಡಿನಲ್ಲಿ ಅಂಬೆಗಾಲಿಟ್ಟು ದಾಟಿ, ದೀಪ ಮಿನುಗುತ್ತದೆಯೇ ನೋಡಬೇಕು. ನಗು ಬರುವ ಕೆಲಸ, ಆದರೆ ನಿಂತು ನಡೆದು ಪರೀಕ್ಷಿಸಿದರೆ ಮನುಷ್ಯನ ಎತ್ತರಕ್ಕೆ ಸರಿಯಾದದ್ದು ಚಿರತೆಯ ತಲೆಯ ಮೇಲೆ ಹಾಯುತ್ತದೆ. ತೆಳ್ಳನೆಯ ಗಿಡಕ್ಕೆ ಕಟ್ಟಿದರೆ ಗಾಳಿಗೆ ಗಿಡವೇ ತೂಗಿ ಕಾರ್ಡ್ ತುಂಬುತ್ತದೆ.

ಪಟ್ಟೆ ಅಥವಾ ಚುಕ್ಕೆಗಳಿಂದ ಒಂದೊಂದು ಪ್ರಾಣಿಯನ್ನು ಬಿಡಿಯಾಗಿ ಗುರುತಿಸುವುದಿದ್ದರೆ ಜಾಡಿನ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಸಂಬಂಧವಿರುವುದಿಲ್ಲ. ಒಂದೇ ಬದಿಯ ಚಿತ್ರವಿದ್ದರೆ ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಬೀಳುತ್ತದೆ. ಎರಡನ್ನೂ ನೇರ ಎದುರುಬದುರು ಕಟ್ಟಬೇಡಿ, ಒಂದರ ಬೆಳಕು ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಒಂದಿಷ್ಟು ಮುಂದೆ ಹಿಂದೆ ಇರಲಿ.

ಬ್ಯಾಟರಿಯನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆಲ್ಕಲೈನ್ ಬ್ಯಾಟರಿಯ ವೋಲ್ಟೇಜ್ ಬಳಸುತ್ತ ಹೋದಂತೆ ನಿಧಾನವಾಗಿ ಇಳಿಯುತ್ತದೆ. ಹಗಲಿನ ಫೋಟೊ ಬರುತ್ತಲೇ ಇರುತ್ತದೆ, ರಾತ್ರಿಯ ಬೆಳಕು ಮಾತ್ರ ಮಂಕಾಗುತ್ತ ಹೋಗಿ ಚೌಕಟ್ಟು ಕಪ್ಪಾಗುತ್ತದೆ. ಲೆಕ್ಕದಲ್ಲಿ ನಿಶಾಚರಿಗಳೆಲ್ಲ ಮಾಯ! ಒಂದೇ ಸಲ ಬಳಸುವ ಲಿಥಿಯಮ್ ಅಥವಾ ಒಳ್ಳೆಯ ನಿಕಲ್ ರೀಚಾರ್ಜ್ ಬ್ಯಾಟರಿ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಹಳತು ಹೊಸತು ಬೆರೆಸಬೇಡಿ. ಮೆಮೊರಿ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಆಯಾ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳಲ್ಲಿ ದಿನಾಂಕ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದನ್ನು ಹಿಡಿಯಲು ಒಂದೇ ಅಭ್ಯಾಸ ಸಾಕು: ಇಡುವಾಗಲೂ ತೆಗೆಯುವಾಗಲೂ ಒಂದು ಸ್ಲೇಟಿನ ಮೇಲೆ ಜಾಗದ ಸಂಖ್ಯೆ, ದಿನಾಂಕ, ನಿಮ್ಮ ಗಡಿಯಾರದ ಸಮಯ ಬರೆದು ಕ್ಯಾಮೆರಾದ ಮುಂದೆ ಹಿಡಿಯುವುದು. ಗಡಿಯಾರ ಎಷ್ಟು ತಪ್ಪಿದೆಯೋ ಅಷ್ಟನ್ನು ಆಮೇಲೆ ಎಲ್ಲ ಫೋಟೊಗಳಿಗೂ ಸರಿಪಡಿಸಬಹುದು.

ಶ್ರಮದ ಲೆಕ್ಕವನ್ನು ಕ್ಯಾಮೆರಾ-ರಾತ್ರಿಗಳಲ್ಲಿ ಇಡುತ್ತಾರೆ. 20 ಕ್ಯಾಮೆರಾ, 30 ರಾತ್ರಿ ಎಂದರೆ 600. ಆದರೆ ಅದರಲ್ಲಿ ನಾಲ್ಕು ಹತ್ತನೇ ದಿನಕ್ಕೇ ಸತ್ತಿದ್ದರೆ 80 ರಾತ್ರಿ ಕಳೆದು 520 ಎಂದೇ ಬರೆಯಬೇಕು. ಇರುವೆ ಗೂಡು ಕಟ್ಟಿದ್ದು, ಆನೆ ಕಿತ್ತು ಎಸೆದದ್ದು, ಕಳುವಾದದ್ದು ಎಲ್ಲವೂ ಈ ಕಳೆಯುವ ಲೆಕ್ಕಕ್ಕೆ ಸೇರುತ್ತವೆ. ಕ್ಯಾಮೆರಾ ಮುಂದೆ ಅರ್ಧ ಗಂಟೆ ಮೇಯುತ್ತ ನಿಂತ ಜಿಂಕೆಯ ನಲವತ್ತು ಫೋಟೊ ನಲವತ್ತು ಜಿಂಕೆಯಲ್ಲ. ಒಂದೇ ಜಾತಿಯ ಎರಡು ಫೋಟೊಗಳ ನಡುವೆ 30 ನಿಮಿಷ ಕಳೆದಿದ್ದರೆ ಮಾತ್ರ ಬೇರೆ ಘಟನೆ ಎಂದು ಎಣಿಸುವುದು ರೂಢಿ. ಹಾಂ, ಮನುಷ್ಯರ ಫೋಟೊ ಬಂದರೆ, ಸೌದೆಗೆ ಬಂದ ಹೆಂಗಸರದ್ದು, ದನ ಮೇಯಿಸುವವರದ್ದು, ಅದನ್ನು ಯಾರಿಗೂ ತೋರಿಸದೆ ಅಳಿಸಿ. ಅಂಥ ಒಂದು ಫೋಟೊ ಹೊರಬಿದ್ದರೆ ಸುತ್ತಲಿನ ಹಳ್ಳಿಗಳ ವಿಶ್ವಾಸ ಮತ್ತೆ ಸಿಗುವುದಿಲ್ಲ. ಕ್ಯಾಮೆರಾ ಎಲ್ಲೆಲ್ಲಿವೆ, ಯಾಕಿವೆ ಎಂದು ಅವರಿಗೆ ಮೊದಲೇ ಹೇಳಿಬಿಡುವುದು ಬೀಗಕ್ಕಿಂತ ಒಳ್ಳೆಯ ರಕ್ಷಣೆ.

ಕ್ಯಾಮೆರಾ ಇಲ್ಲದಿದ್ದರೂ ಎಣಿಕೆ ನಿಲ್ಲಬೇಕಿಲ್ಲ. ನೇರ ಗೆರೆಯ ದಾರಿಯೊಂದನ್ನು ಗುರುತು ಮಾಡಿ, ಇಬ್ಬರು ಬೆಳಗಿನ ಜಾವ ನಿಧಾನಕ್ಕೆ ನಡೆದು, ಕಂಡ ಪ್ರತಿ ಹಿಂಡಿನ ಸಂಖ್ಯೆ, ದೂರ, ದಿಕ್ಕು ಬರೆದರೆ ಸಾಂದ್ರತೆ, ಅಂದರೆ ಒಂದು ಚದರ ಕಿ.ಮೀ.ಗೆ ಎಷ್ಟು ಪ್ರಾಣಿ ಎಂಬ ಲೆಕ್ಕ, ತೆಗೆಯಬಹುದು. ಬೇಕಾದದ್ದು ನಿಮ್ಮಿಂದ ಪ್ರಾಣಿಗಿರುವ ದೂರವಲ್ಲ, ಗೆರೆಯಿಂದ ಅದಕ್ಕಿರುವ ಅಡ್ಡ ದೂರ. 40 ಮೀಟರ್ ದೂರದಲ್ಲಿ, ಗೆರೆಗೆ 30 ಡಿಗ್ರಿ ಓರೆಯಲ್ಲಿ ಕಂಡರೆ ಅಡ್ಡ ದೂರ 20 ಮೀಟರ್. ದೂರವನ್ನು ಕಣ್ಣಂದಾಜಿನಲ್ಲಿ ಬರೆದವರ ಹಾಳೆ ನೋಡಿದರೆ ಎಲ್ಲ ಪ್ರಾಣಿಗಳೂ 10, 20, 50 ಮೀಟರಿನಲ್ಲೇ ನಿಂತಿರುತ್ತವೆ. ದೂರಮಾಪಕ ಬಳಸಿ. ಪ್ರಾಣಿ ಓಡಿ ನಿಂತ ಜಾಗವನ್ನಲ್ಲ, ಮೊದಲು ಕಂಡ ಜಾಗವನ್ನು ಅಳೆಯಿರಿ. ಒಂದು ಜಾತಿಗೆ 60ರಿಂದ 80 ಸಲವಾದರೂ ಕಾಣದಿದ್ದರೆ ಈ ಲೆಕ್ಕ ಗಟ್ಟಿಯಾಗುವುದಿಲ್ಲ. ಗಾಡಿ ರಸ್ತೆಯನ್ನೇ ಗೆರೆ ಮಾಡಿಕೊಳ್ಳುವುದು ಸುಲಭದ ತಪ್ಪು. ಕೆಲವು ಪ್ರಾಣಿ ರಸ್ತೆಯಿಂದ ದೂರ ಇರುತ್ತವೆ, ಕೆಲವು ಅದರ ಅಂಚಿನ ಎಳೆ ಹುಲ್ಲಿಗೆ ಬರುತ್ತವೆ.

ಅಪರೂಪದವಕ್ಕೆ ಇಷ್ಟು ಸಲ ಕಾಣುವ ಯೋಗವಿಲ್ಲ. ಅಂಥವಕ್ಕೆ ಹೆಜ್ಜೆ, ಹಿಕ್ಕೆ, ಕೂಗು ಹುಡುಕಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಪ್ರಾಣಿ ಇದ್ದೂ ಒಂದು ಭೇಟಿಯಲ್ಲಿ ಅದರ ಗುರುತು ಸಿಗುವ ಸಾಧ್ಯತೆ ಶೇ 40 ಎಂದುಕೊಳ್ಳಿ. ಒಂದೇ ಸಲ ಹೋದರೆ ಶೇ 60 ಸಲ "ಇಲ್ಲ" ಎಂದು ತಪ್ಪು ಬರೆಯುತ್ತೀರಿ. ನಾಲ್ಕು ಸಲ ಹೋದರೆ ಆ ತಪ್ಪು ಶೇ 13ಕ್ಕೆ ಇಳಿಯುತ್ತದೆ.

ಪ್ರತಿ ಸಲ ಒಂದೇ ಕ್ರಮದಲ್ಲಿ ಎಣಿಸಿ, ಪಟ್ಟ ಶ್ರಮವನ್ನೂ ಬರೆದಿಡಬೇಕು ಎನ್ನುವುದು ಹಕ್ಕಿ ಎಣಿಸುವವರಿಗೆ ಹಳೆಯ ಪಾಠ. 1900ರ ಕ್ರಿಸ್ಮಸ್ ದಿನ ಫ್ರಾಂಕ್ ಚಾಪ್ಮನ್ ಎಂಬ ಹಕ್ಕಿತಜ್ಞ ಉತ್ತರ ಅಮೆರಿಕದಲ್ಲಿ ಶುರು ಮಾಡಿದ ಎಣಿಕೆಯಲ್ಲಿ ಇದ್ದದ್ದು 27 ಜನ, 25 ಜಾಗ. ಇವತ್ತು ಅದು ಬೆಲೆಬಾಳುವುದು ಜನ ಹೆಚ್ಚಿದ್ದರಿಂದಲ್ಲ. ಸುಮಾರು 24 ಕಿ.ಮೀ. ಅಡ್ಡಗಲದ ಗೊತ್ತಾದ ವೃತ್ತ, ಒಂದೇ ದಿನ, ಎಷ್ಟು ಜನ ಎಷ್ಟು ಗಂಟೆ ನೋಡಿದರು ಎಂಬ ದಾಖಲೆ, ಇವು ಇದ್ದಿದ್ದರಿಂದ ಒಂದು ವರ್ಷವನ್ನು ಇನ್ನೊಂದಕ್ಕೆ ಹೋಲಿಸಲು ಬಂತು.

ವರ್ಷ ತುಂಬಿತು ಎಂದುಕೊಳ್ಳಿ, ಈಗ ಕಳೆ. ಲಂಟಾನದಂಥ ಹೊರಗಿನ ಪೊದೆ ನೆಲವನ್ನು ಆವರಿಸಿದೆ. ಎಲ್ಲರ ಕಣ್ಣೂ ಅತಿ ದಟ್ಟವಾದ ಜಾಗದ ಮೇಲೆ ಬೀಳುತ್ತದೆ, ಮಚ್ಚು ಹಿಡಿದು ಅಲ್ಲಿಗೇ ನುಗ್ಗುತ್ತಾರೆ. ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಲ್ಲಿ ಇದಕ್ಕೆ ತದ್ವಿರುದ್ಧ ಮಾಡಿ ತೋರಿಸಿದರು. ಅವರ ಪದ್ಧತಿಗೆ ಮೂರೇ ಕಟ್ಟಳೆ. ಚೆನ್ನಾಗಿರುವ ಜಾಗದಿಂದ ಶುರು ಮಾಡಿ ಕೆಟ್ಟ ಜಾಗದ ಕಡೆಗೆ ಹೋಗಬೇಕು. ಮಣ್ಣನ್ನು ಆದಷ್ಟು ಕಡಿಮೆ ಕದಡಬೇಕು, ಕದಡಿದ ಕಡೆ ಬಿದ್ದೆಲೆ ಎಳೆದು ಮುಚ್ಚಬೇಕು. ಸ್ಥಳೀಯ ಗಿಡಗಳು ಎಷ್ಟು ಬೇಗ ಮರಳುತ್ತವೆಯೋ ಅಷ್ಟೇ ವೇಗದಲ್ಲಿ ಕಳೆ ತೆಗೆಯಬೇಕು. ಮೂರನೆಯದು ಮನಸ್ಸಿಗೆ ಕಷ್ಟ. ಕೈ ಮುಂದೆ ಓಡುತ್ತದೆ, ನೆಲ ಹಿಂದೆ ಉಳಿಯುತ್ತದೆ.

ಇದರ ತರ್ಕ ಸರಳ. ದಟ್ಟ ಕಳೆಯಡಿ ಮಣ್ಣಿನಲ್ಲಿ ಕಳೆಯ ಬೀಜವೇ ತುಂಬಿರುತ್ತದೆ, ಸ್ಥಳೀಯ ಬೀಜ ಕಡಿಮೆ. ಒಮ್ಮೆಲೇ ಬೋಳಿಸಿ ಬಿಸಿಲು ಬಿಟ್ಟರೆ ಮೊದಲು ಏಳುವುದು ಅದೇ ಕಳೆ, ಅದೂ ಇಮ್ಮಡಿ. ಚೆನ್ನಾಗಿರುವ ಕಡೆ ಅಲ್ಲೊಂದು ಇಲ್ಲೊಂದು ಕಿತ್ತರೆ ಪಕ್ಕದ ಹುಲ್ಲು, ಗಿಡ ಆ ತೂತನ್ನು ಕೂಡಲೇ ಮುಚ್ಚುತ್ತವೆ. ಜೆಸಿಬಿ ತರಿಸಿ ಒಂದೇ ವಾರದಲ್ಲಿ ಎಕರೆಗಟ್ಟಲೆ ಬಳಿದ ಜಾಗಗಳು ಎರಡು ಮಳೆಗಾಲದಲ್ಲಿ ಮೊದಲಿಗಿಂತ ದಟ್ಟವಾಗುವುದು ಇದೇ ಕಾರಣಕ್ಕೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಲಂಟಾನವನ್ನು ಬುಡಕ್ಕೆ ಕೊಚ್ಚಿದರೆ ಬುಡದಿಂದ ಹತ್ತು ಚಿಗುರು ಹೊರಡುತ್ತವೆ. ಇಡೀ ಬೇರು ಅಗೆದರೆ ಮಣ್ಣು ಕದಡಿ ಹೊಸ ಬೀಜಗಳಿಗೆ ಪಾತಿ ಮಾಡಿಕೊಟ್ಟಂತಾಗುತ್ತದೆ. ದೆಹಲಿಯ ಪರಿಸರ ವಿಜ್ಞಾನಿ ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ನಡುದಾರಿ ಇದೆ: ಮಣ್ಣಿನ ಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸುವುದು. ಚಿಗುರುವ ಭಾಗ ಬೇರಿನ ಕೊರಳಿನಲ್ಲೇ ಇರುವುದರಿಂದ ಅದರ ಕೆಳಗೆ ಕತ್ತರಿಸಿದರೆ ನೆಲದಲ್ಲಿ ಉಳಿದದ್ದು ಚಿಗುರುವುದಿಲ್ಲ. ಒಬ್ಬರು ಕತ್ತರಿಸುವಾಗ ಇನ್ನಿಬ್ಬರು ಪೊದೆಯನ್ನು ಕವಲುಕೋಲಿನಿಂದ ತಳ್ಳಿ ಹಿಡಿಯಬೇಕು. ಬಿದ್ದ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗು ಮಾಡಿ ಒಣಗಲು ಬಿಡಿ, ಇಲ್ಲದಿದ್ದರೆ ಹಸಿ ಮಣ್ಣು ತಾಗಿದ ಕಾಂಡ ಮತ್ತೆ ಬೇರು ಬಿಡುತ್ತದೆ. ಕಾಯಿ ಕಟ್ಟುವ ಮುಂಚೆ ಮಾಡಿದರೆ ಅರ್ಧ ಗೆದ್ದಂತೆ.

ಆಮೇಲೆ ಹಕ್ಕಿ ಕೂರುವ ಮರಗಳ ಕೆಳಗೆ ಕಣ್ಣಿಡಿ. ಲಂಟಾನದ ಹಣ್ಣು ತಿಂದ ಹಕ್ಕಿ ಬೀಜ ಹಾಕುವುದು ಅಲ್ಲಿಯೇ. ಮಳೆಯ ನಂತರ ಎಳೆ ಸಸಿಗಳು ಎರಡು ಬೆರಳಿಗೆ ಸಿಗುವಷ್ಟಿದ್ದಾಗ ಕೀಳುವುದು ಐದು ನಿಮಿಷದ ಕೆಲಸ, ಎರಡು ವರ್ಷ ಬಿಟ್ಟರೆ ಗುದ್ದಲಿಯ ಕೆಲಸ. ಹತ್ತು ಭಾನುವಾರಗಳಲ್ಲಿ ಏಳನ್ನಾದರೂ ಹಿಂದೆ ತೆರವು ಮಾಡಿದ ಜಾಗಕ್ಕೇ ಮೀಸಲಿಡಬೇಕು ಎನ್ನುವುದು ನನ್ನ ಲೆಕ್ಕ. ಹೊಸ ಜಾಗದ ಆಸೆಗೆ ಹಳೆಯದನ್ನು ಬಿಟ್ಟ ಗುಂಪಿಗೆ ಮೂರು ವರ್ಷದ ನಂತರ ಎರಡೂ ಇರುವುದಿಲ್ಲ. ಇನ್ನೊಂದು, ಆ ದಟ್ಟ ಪೊದೆಯೇ ಈಗ ಮೊಲಕ್ಕೆ, ಕಾಡುಕೋಳಿಗೆ, ಪಿಕಳಾರಕ್ಕೆ ಮನೆ. ಗೂಡಿನ ಕಾಲದಲ್ಲಿ ಮುಟ್ಟಬೇಡಿ, ತುಂಡು ತುಂಡಾಗಿ ತೆಗೆಯಿರಿ, ಪಕ್ಕದಲ್ಲಿ ಅಡಗುತಾಣ ಬೆಳೆಯುವವರೆಗೆ ಕೊನೆಯ ತುಂಡು ಇರಲಿ. ನಿಮ್ಮ ಬೂಟಿನ ಅಡಿಯನ್ನೂ ಗಾಡಿಯ ಚಕ್ರವನ್ನೂ ಒಳಹೋಗುವ ಮೊದಲು ಬ್ರಷ್‌ನಿಂದ ಉಜ್ಜಿ. ಕಳೆಯ ಬೀಜ ಹೊಸ ಜಾಗಕ್ಕೆ ಹೋಗುವುದು ಎಷ್ಟೋ ಸಲ ಕಳೆ ಕೀಳುವವರ ಕಾಲಿನಲ್ಲೇ.

ಈಗ ಉರುಳು. ಬೈಕಿನ ಬ್ರೇಕ್ ವೈರು, ಕ್ಲಚ್ ವೈರು, ಬೇಲಿ ತಂತಿ, ನೈಲಾನ್ ದಾರ, ಯಾವುದರಿಂದಲೂ ಕ್ಷಣದಲ್ಲಿ ಆಗುವ ಈ ಕುಣಿಕೆಗೆ ಜಾತಿ ಭೇದವಿಲ್ಲ. ಹಂದಿಗೆ ಇಟ್ಟದ್ದರಲ್ಲಿ ಚಿರತೆ, ಕರಡಿ, ಕಾಡುನಾಯಿ ಬೀಳುತ್ತವೆ. 1992ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾದ ಸಾವೋಲಾ ಎಂಬ ಕಾಡುದನ ಇಂದು ಅಳಿವಿನ ಅಂಚಿನಲ್ಲಿರುವುದು ಮುಖ್ಯವಾಗಿ ಬೇರೆ ಪ್ರಾಣಿಗಳಿಗೆ ಇಟ್ಟ ಉರುಳುಗಳಿಂದ. ವಿಯೆಟ್ನಾಮಿನಲ್ಲಿ ಅದರ ಹೆಸರಿನ ಎರಡು ರಕ್ಷಿತ ಪ್ರದೇಶಗಳಿಂದ 2011ರ ನಂತರದ ದಶಕದಲ್ಲಿ ಲಕ್ಷಕ್ಕೂ ಮೀರಿ ಉರುಳು ತೆಗೆದಿದ್ದಾರೆ.

ಹುಡುಕುವಾಗ ಐದಾರು ಜನ 5ರಿಂದ 10 ಮೀಟರ್ ಅಂತರದಲ್ಲಿ ಸಾಲಾಗಿ ನಡೆಯಬೇಕು, ಪೊದೆ ದಟ್ಟವಿದ್ದರೆ ಇನ್ನೂ ಹತ್ತಿರ. ಅರಣ್ಯ ಸಿಬ್ಬಂದಿ ಜೊತೆಗಿರಲಿ, ಅನುಮತಿ ಇಲ್ಲದೆ ಹೊರಡಲೇಬೇಡಿ. ಕಣ್ಣು ಪಾದದಿಂದ ಸೊಂಟದವರೆಗಿನ ಎತ್ತರದಲ್ಲಿರಲಿ. ವೈರನ್ನು ಹುಡುಕಬೇಡಿ, ವೈರು ಇಟ್ಟವನ ಕೆಲಸ ಹುಡುಕಿ: ಕಡಿದ ಕೊಂಬೆಗಳ ಗಿಡ್ಡ ಬೇಲಿ, ಅದರಲ್ಲಿ ಬೇಕೆಂದೇ ಬಿಟ್ಟ ಸಂದು, ಬಾಗಿಸಿ ಕಟ್ಟಿದ ಎಳೆಮರ, ಮಚ್ಚಿನ ಹೊಸ ಗಾಯ, ತೊಗಟೆ ಸವೆದು ಉಂಗುರವಾದ ಬುಡ. ಆ ಸವೆತ ಹಿಂದೆ ಪ್ರಾಣಿ ಎಳೆದಾಡಿದ ಗುರುತು. ಒಂದು ಸಿಕ್ಕರೆ ಅಲ್ಲಿಗೇ ನಿಲ್ಲಿ, ಸುತ್ತಲೂ ವೃತ್ತಾಕಾರದಲ್ಲಿ ನೋಡಿ. ಒಂಟಿ ಉರುಳು ಅಪರೂಪ.

ಸಿಕ್ಕಿದ್ದನ್ನು ಕೂಡಲೇ ಕೀಳಬೇಡಿ. ಇದ್ದ ಹಾಗೆ ಫೋಟೊ, ಜಿಪಿಎಸ್ ಗುರುತು, ವೈರಿನ ಬಗೆ, ಕುಣಿಕೆಯ ಅಗಲ, ನೆಲದಿಂದ ಎತ್ತರ, ಹೊಸದೋ ತುಕ್ಕು ಹಿಡಿದದ್ದೋ, ಎಲ್ಲ ಬರೆದ ಮೇಲೆ ಸಿಬ್ಬಂದಿ ತೆಗೆಯಲಿ. ಅದು ಸಾಕ್ಷ್ಯ. ತೆಗೆಯುವಾಗ ಕುಣಿಕೆಯನ್ನಷ್ಟೇ ಕತ್ತರಿಸಿ ಬಿಟ್ಟರೆ ಉಳಿದ ವೈರು ನಾಳೆ ಮತ್ತೆ ಕುಣಿಕೆ. ಬುಡದಿಂದ ಬಿಚ್ಚಿ ಪೂರ್ತಿ ಹೊರಗೆ ತನ್ನಿ. ದಪ್ಪ ಕೈಗವಸು ಬೇಕೇಬೇಕು, ಹರಿದ ಬ್ರೇಕ್ ವೈರಿನ ಎಳೆಗಳು ಸೂಜಿಯಂತೆ ಚುಚ್ಚುತ್ತವೆ. ಜೀವಂತ ಪ್ರಾಣಿ ಸಿಕ್ಕಿಬಿದ್ದಿದ್ದರೆ ಹಿಂದೆ ಸರಿಯಿರಿ, ಜನ ಸೇರಲು ಬಿಡಬೇಡಿ, ಅರಿವಳಿಕೆ ಕೊಡಬಲ್ಲ ಪಶುವೈದ್ಯರನ್ನು ಕರೆಸಿ. ಗಾಬರಿಯಾದ ಪ್ರಾಣಿ ಎಳೆದಷ್ಟೂ ವೈರು ಒಳಗೆ ಇಳಿಯುತ್ತದೆ, ಹಠಾತ್ತನೆ ಹರಿದರೆ ಎದುರಿಗಿರುವುದು ನೀವು.

ಉರುಳಿನ ಅಂಕಿಯಲ್ಲಿ ಒಂದು ಮೋಸ ಅಡಗಿದೆ. ಮೊದಲ ವರ್ಷ 20 ಕಿ.ಮೀ. ನಡೆದು 40 ತೆಗೆದಿರಿ, ಮರುವರ್ಷ 60 ಕಿ.ಮೀ. ನಡೆದು 60. ಸಭೆಯಲ್ಲಿ "ಬೇಟೆ ಹೆಚ್ಚಿತು" ಎಂಬ ಮಾತು ಬರುತ್ತದೆ, ಆದರೆ ಕಿಲೋಮೀಟರಿಗೆ ಎರಡಿದ್ದದ್ದು ಒಂದಕ್ಕೆ ಇಳಿದಿದೆ. ಜೊತೆಗೆ, ಇದ್ದ ಉರುಳಿನಲ್ಲಿ ಎಷ್ಟು ನಿಮ್ಮ ಕಣ್ಣಿಗೆ ಬೀಳುತ್ತವೆ ಎಂಬುದನ್ನೂ ಪರೀಕ್ಷಿಸಬಹುದು. ಸಿಬ್ಬಂದಿಯ ಒಪ್ಪಿಗೆ ಪಡೆದು ಒಬ್ಬರು ಬಿಗಿಯಾಗದಂತೆ ಗಂಟು ಹಾಕಿದ ಸುಳ್ಳು ಉರುಳುಗಳನ್ನು ಎಣಿಸಿ ಇಡಲಿ, ಉಳಿದವರು ಎಂದಿನಂತೆ ಹುಡುಕಲಿ, ಸಂಜೆ ಎಲ್ಲವನ್ನೂ ಎಣಿಸಿಯೇ ವಾಪಸು ತನ್ನಿ. ಫಲಿತಾಂಶ ಯಾವ ಗುಂಪಿನ ಹೆಮ್ಮೆಯನ್ನೂ ಇಳಿಸುತ್ತದೆ. ಯಾರು ಇಡುತ್ತಾರೆ, ಯಾಕೆ ಎಂಬುದನ್ನು ತಿಳಿಯದೆ ವೈರು ಮಾತ್ರ ಹೆಕ್ಕುತ್ತಿದ್ದರೆ ಇದಕ್ಕೆ ಕೊನೆಯಿಲ್ಲ. ಮಾರಾಟಕ್ಕೆ ಇಡುವವನು ಕಾನೂನಿನ ವಿಷಯ. ಬೆಳೆಗೆ ಬರುವ ಹಂದಿಗೆ ಇಡುವವನಿಗೆ ಬೇಕಿರುವುದು ಒಂದು ಗಟ್ಟಿ ಬೇಲಿ, ಅಲ್ಲಿ ಗುಂಪು ಉಪಯೋಗಕ್ಕೆ ಬರಬಹುದು.

ಒಳ್ಳೆಯ ಮನಸ್ಸಿನಿಂದ ಆದ ಕೆಡುಕುಗಳೂ ದಾಖಲೆಯಲ್ಲಿವೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಉತ್ತರ ಭಾಗದ ಒಣ ಸೀಮೆಯಲ್ಲಿ ಕೊಳವೆಬಾವಿ ಕೊರೆದು ನೀರು ಕೊಟ್ಟರು. ನೀರಿಗೆ ಜೀಬ್ರಾ, ವಿಲ್ಡಬೀಸ್ಟ್ ಬಂದವು, ಅವುಗಳ ಹಿಂದೆ ಸಿಂಹ ಬಂತು. ಮೊದಲಿನಿಂದ ಅಲ್ಲಿ ವಿರಳವಾಗಿದ್ದ ರೋನ್ ಹುಲ್ಲೆಗಳು 1986ರಲ್ಲಿ ಸುಮಾರು 450 ಇದ್ದವು, 1993ರ ಹೊತ್ತಿಗೆ 45ರ ಆಸುಪಾಸಿಗೆ ಬಂದವು. ಆಮೇಲೆ ಬಾವಿ ಮುಚ್ಚಿದರು. ಆಸ್ಟ್ರೇಲಿಯಾಕ್ಕೆ ಸೇರಿದ ಮ್ಯಾಕ್ವರಿ ದ್ವೀಪದಲ್ಲಿ ಕಡಲಹಕ್ಕಿ ತಿನ್ನುತ್ತಿದ್ದ ಬೆಕ್ಕುಗಳನ್ನು 2000ದ ಸುಮಾರಿಗೆ ಪೂರ್ತಿ ತೆಗೆದರು. ಮೊಲಗಳು ವಿಪರೀತ ಹೆಚ್ಚಿ ಗುಡ್ಡದ ಹಸಿರನ್ನೇ ಬೋಳಿಸಿದವು. ಮೊಲಗಳಿಗೆ ಬಿಟ್ಟಿದ್ದ ವೈರಸ್‌ನ ಹಿಡಿತ ಸಡಿಲಿದ್ದೂ ಅದಕ್ಕೆ ಸೇರಿತ್ತು ಎಂಬ ವಾದವಿದೆ. ಕೊನೆಗೆ ಮೊಲ, ಇಲಿ, ಹೆಗ್ಗಣ ಮೂರನ್ನೂ ಒಟ್ಟಿಗೆ ತೆಗೆದು 2014ರಲ್ಲಿ ದ್ವೀಪ ಮುಕ್ತವಾಯಿತೆಂದು ಘೋಷಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು ನ್ಯೂಜಿಲೆಂಡಿನ ಚಾಥಮ್ ದ್ವೀಪಗಳ ಕಪ್ಪು ರಾಬಿನ್. 1980ರಲ್ಲಿ ಉಳಿದದ್ದು ಐದೇ ಹಕ್ಕಿ, ಮರಿ ಮಾಡುತ್ತಿದ್ದ ಹೆಣ್ಣು ಒಂದೇ. ಡಾನ್ ಮರ್ಟನ್ ತಂಡ ಅದರ ಮೊಟ್ಟೆಗಳನ್ನು ಬೇರೆ ಜಾತಿಯ ಗೂಡಿಗೆ ಹಾಕಿ ಸಂತತಿ ಉಳಿಸಿತು, ಅದು ನಿಜಕ್ಕೂ ದೊಡ್ಡ ಕೆಲಸ. ಈ ನಡುವೆ ಕೆಲವು ಹೆಣ್ಣುಗಳು ಗೂಡಿನ ಅಂಚಿನಲ್ಲೇ ಮೊಟ್ಟೆ ಇಡತೊಡಗಿದವು. ಬಿಟ್ಟರೆ ಕೆಡುವ ಮೊಟ್ಟೆ, ಹಾಗಾಗಿ ಪ್ರತಿ ಸಲ ಒಳಗೆ ತಳ್ಳಿದರು. ಆ ಗುಣ ಮರಿಗಳಿಗೂ ಹೋಯಿತು, 1989ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳು ಅಂಚಿನಲ್ಲೇ ಇಡುತ್ತಿದ್ದವು. ಕೈ ತೆಗೆದ ಮೇಲೆ ನಿಧಾನವಾಗಿ ಆ ಗುಣ ಕಡಿಮೆಯಾಯಿತು. ಯಾವ ನೆರವಿಗಾದರೂ ಯಾವ ದಿನ ನಿಲ್ಲಿಸುತ್ತೇವೆ ಎಂಬುದನ್ನು ಶುರುವಿನಲ್ಲೇ ಬರೆದಿಟ್ಟುಕೊಳ್ಳಬೇಕು.

ಸಿಕ್ಕಿದ್ದನ್ನೆಲ್ಲ ಹಂಚಿಕೊಳ್ಳುವ ಚಪಲವೂ ಅಪಾಯ. ಮೊಬೈಲ್ ಫೋಟೊದ ಒಳಗೆ ಅಕ್ಷಾಂಶ ರೇಖಾಂಶ ಇರುತ್ತವೆ. ಅಪರೂಪದ ಆಮೆ, ಆರ್ಕಿಡ್, ಹದ್ದಿನ ಗೂಡಿನ ಫೋಟೊ ಹಾಕುವ ಮೊದಲು ಅವನ್ನು ಅಳಿಸಿ. ಹಿನ್ನೆಲೆಯ ಬಂಡೆ, ಗುಡ್ಡದ ಅಂಚು ಗುರುತು ಕೊಡುವಂತಿದ್ದರೆ ಕತ್ತರಿಸಿ. ಜೀವಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಜಾತಿಗಳ ಜಾಗವನ್ನು 0.2 ಡಿಗ್ರಿಯ ಚೌಕದೊಳಗೆ, ಅಂದರೆ ಸಮಭಾಜಕದ ಬಳಿ ಸುಮಾರು 22 ಕಿ.ಮೀ. ಬದಿಯ ಚೌಕದೊಳಗೆ, ತಾನಾಗಿ ಮಸುಕು ಮಾಡುತ್ತದೆ. ಅದೇ ದಿನ ಅದೇ ಜಾಗದಿಂದ ನೀವು ಹಾಕಿದ ಸಾಮಾನ್ಯ ಗುಬ್ಬಿಯ ಜಾಗ ಮಾತ್ರ ಸ್ಪಷ್ಟವಾಗಿರುತ್ತದೆ, ಕಳ್ಳನಿಗೆ ಅಷ್ಟೇ ಸಾಕು.

ಕೊನೆಗೆ ಹಾಳೆಗಳ ವಿಷಯ. ಬರೆಯುವುದು ಪೆನ್ಸಿಲಿನಲ್ಲಿ, ಮಳೆಗೆ ಪೆನ್ನು ಹರಡುತ್ತದೆ. ಆ ಸಂಜೆಯೇ ಪ್ರತಿ ಹಾಳೆಯ ಫೋಟೊ ತೆಗೆದು, ಇಬ್ಬರ ಬಳಿಯಾದರೂ ಪ್ರತಿ ಇರಲಿ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದ ಆರು ವರ್ಷದ ದಾಖಲೆ ಅವರು ಊರು ಬಿಟ್ಟ ದಿನ ಗುಂಪನ್ನೂ ಬಿಡುತ್ತದೆ. ದಿನಾಂಕ, ಶುರುವಾದ ಸಮಯ, ಮುಗಿದ ಸಮಯ, ಯಾರು ಯಾರು, ಎಷ್ಟು ದೂರ, ಹವೆ, ಇವು ಪ್ರಾಣಿಯ ಹೆಸರಿಗಿಂತ ಮೇಲಿನ ಸಾಲಿನಲ್ಲಿರಲಿ. ಏನೂ ಕಾಣದ ದಿನ "ಏನೂ ಕಾಣಲಿಲ್ಲ" ಎಂದೇ ಬರೆದು ಸೊನ್ನೆ ಹಾಕಿ. ಖಾನೆ ಖಾಲಿ ಬಿಟ್ಟರೆ, ಅವತ್ತು ಹೋಗಿ ಕಾಣದೆ ಬಂದಿರೋ ಹೋಗಲೇ ಇಲ್ಲವೋ ಎಂದು ಐದು ವರ್ಷದ ನಂತರ ಆ ಹಾಳೆ ತೆರೆದವರಿಗೆ ಹೇಳಲು ಯಾರೂ ಇರುವುದಿಲ್ಲ.